39 ವರ್ಷ, ಮೈನಸ್ ಮೂರು ನಂಬರು, ಜೀನ್ಸ್ ಹೊಲಿಯುವ ಕೆಲಸ: ಕನ್ನಡಕ ಬಿಡಲು ಕಣ್ಣಿಗೆ ಲೇಸರ್ ಮಾಡಿಸಲಾ?

ಕಟಿಂಗ್ ಮಾಸ್ಟರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಯೂನಿಟ್. ಕಟಿಂಗ್ ನಾನೇ ಮಾಡುತ್ತೇನೆ. ಮಷಿನ್ ಖಾಲಿ ಇದ್ದರೆ ಕೂತು ಹೊಲಿಯುತ್ತೇನೆ. ಮಾಲು ಹೊರಗೆ ಹೋಗುವ ಮೊದಲು ಚೆಕಿಂಗೂ ನನ್ನದೇ. ವಯಸ್ಸು 39. ಬಲಗಣ್ಣು ಮೈನಸ್ 3.25, ಎಡಗಣ್ಣು ಮೈನಸ್ 3, ಎರಡಕ್ಕೂ ಸ್ವಲ್ಪ ಸಿಲಿಂಡರ್ (ಕಣ್ಣಿನ ಉಬ್ಬು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ನಂಬರು) ಇದೆ. ಹೈಸ್ಕೂಲಿನಿಂದ ಕನ್ನಡಕ. ನಂಬರು ಬದಲಾಗಿ ಎಷ್ಟೋ ವರ್ಷ ಆಯಿತು.

ಈ ಕನ್ನಡಕ ಸಾಕಾಗಿ ಹೋಗಿದೆ. ಏಪ್ರಿಲ್ ಬಂತಂದ್ರೆ ತಗಡಿನ ಶೀಟಿನ ಕೆಳಗೆ ಕೆಲಸ. ಬೆವರಿಗೆ ಅದು ಮೂಗಿನ ಮೇಲೆ ನಿಲ್ಲುವುದೇ ಇಲ್ಲ. ಡೆನಿಮ್ ಕತ್ತರಿಸುವಾಗ ಏಳುವ ನೀಲಿ ಧೂಳು ಗಾಜಿನ ಮೇಲೆ ಕೂರುತ್ತದೆ, ಒದ್ದೆ ಕೈಯಲ್ಲಿ ಒರೆಸಿದರೆ ಇನ್ನೂ ಮಬ್ಬು. ಅಂಗಿಯ ತುದಿಯಲ್ಲಿ ಒರೆಸಿ ಒರೆಸಿ ಗಾಜೆಲ್ಲ ಗೀರು. ಸೂಜಿಗೆ ದಾರ ಪೋಣಿಸುವಾಗ, ಹೊಲಿಗೆ ಎಲ್ಲಾದರೂ ಬಿಟ್ಟಿದೆಯಾ ಅಂತ ನೋಡುವಾಗ ಕನ್ನಡಕ ಹಣೆಗೆ ಏರಿಸುತ್ತೇನೆ. ಅಲ್ಲೇ ಮರೆತು ಯೂನಿಟ್ಟೆಲ್ಲ ಹುಡುಕಿದ್ದೂ ಇದೆ, ನಗಬೇಡಿ.

ಭಾಮೈದ ಬೆಂಗಳೂರಿನಲ್ಲಿ ಲೇಸರ್ ಮಾಡಿಸಿಕೊಂಡ. ಅವನಿಗೆ 24. "ಭಾವ, ಹತ್ತು ನಿಮಿಷದ ಕೆಲಸ, ಮಾಡಿಸಿಬಿಡಿ" ಅಂತಾನೆ. ನಮ್ಮ ಮನೆಯವಳು, "ಕಣ್ಣಿಂದಾನೇ ಮನೆ ನಡೀತಿರೋದು, ಏನಾದರೂ ಹೆಚ್ಚು ಕಡಿಮೆ ಆದರೆ?" ಅಂತಾಳೆ. ಒಂದು ಕಡೆ ಫೋನ್ ಮಾಡಿ ಕೇಳಿದೆ, ಎರಡೂ ಕಣ್ಣಿಗೆ ಸೇರಿ 90 ಸಾವಿರ ಅಂದರು. ಇದಕ್ಕೆ ಇನ್ಶೂರೆನ್ಸ್ ಬರುತ್ತಾ? ದುಡ್ಡು ಹೇಗೋ ಹೊಂದಿಸಬಹುದು. ಮುಖ್ಯ ಪ್ರಶ್ನೆ ಅಂದ್ರೆ, ಮಾಡಿಸಿದ ಮೇಲೆ ಕನ್ನಡಕ ಪೂರ್ತಿ ಹೋಗುತ್ತಾ?

ಪಿ.ಇ. ಟೀಚರ್, ರಾಯಚೂರು

ಅಣ್ಣ, ನಾನು ಮಾಡಿಸಿದ್ದೇನೆ. ಮೈನಸ್ 4.5 ಇತ್ತು, ಆಗ ನನಗೆ 27. ಹೈದರಾಬಾದಿಗೆ ಹೋಗಿದ್ದೆ, ರಾಯಚೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ ಅಲ್ವಾ.

ನನ್ನದು ಲ್ಯಾಸಿಕ್ ಅಲ್ಲ, ಪಿಆರ್‌ಕೆ. ಎರಡೂ ಲೇಸರ್ ವಿಧಾನಗಳೇ. ಲ್ಯಾಸಿಕ್‌ನಲ್ಲಿ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆ) ಮೇಲೆ ತೆಳ್ಳಗೆ ಒಂದು ಪದರ ಕೊಯ್ದು, ಮುಚ್ಚಳದ ಹಾಗೆ ಎತ್ತಿ, ಕೆಳಗೆ ಲೇಸರ್ ಹೊಡೆದು ಮತ್ತೆ ಮುಚ್ಚುತ್ತಾರೆ. ಆ ಮುಚ್ಚಳ ಮೊದಲಿನಷ್ಟು ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ. ಕಣ್ಣಿಗೆ ಬಾಲ್ ಜೋರಾಗಿ ಬಡಿದರೆ ವರ್ಷಗಳಾದ ಮೇಲೂ ಸರಿಯಬಹುದು. ದಿನಾ ವಾಲಿಬಾಲ್ ಆಡಿಸುವವಳಿಗೆ ಅದು ಬೇಡ ಅಂತ ಡಾಕ್ಟರೇ ಹೇಳಿದರು. ಪಿಆರ್‌ಕೆಯಲ್ಲಿ ಮುಚ್ಚಳ ಇಲ್ಲ. ಮೇಲಿನ ತೆಳು ಪದರವನ್ನು ಒರೆಸಿ ತೆಗೆದು ಲೇಸರ್ ಹೊಡೆಯುತ್ತಾರೆ, ಆ ಪದರ ತಾನಾಗಿ ಮತ್ತೆ ಬೆಳೆಯುತ್ತದೆ.

ಒಳಗೆ ಏನೂ ನೋವಾಗಲಿಲ್ಲ. ಡ್ರಾಪ್ಸ್ ಹಾಕಿ ಮರಗಟ್ಟಿಸಿದರು, ರೆಪ್ಪೆಗೆ ಕ್ಲಿಪ್ ಹಾಕಿದರು, ಮೇಲಿನ ದೀಪವನ್ನೇ ನೋಡ್ತಾ ಇರು ಅಂದರು. ಲೇಸರ್ ನಡೆಯುವುದು ಕೆಲವೇ ಸೆಕೆಂಡು. ಆಗ ಕೂದಲು ಸುಟ್ಟ ವಾಸನೆ ಬಂತು ನೋಡಿ, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ! ನೋವು ಶುರುವಾಗಿದ್ದು ಮನೆಗೆ ಬಂದ ಮೇಲೆ. ಕಣ್ಣಿನ ಮೇಲೆ ಬ್ಯಾಂಡೇಜ್ ಲೆನ್ಸ್ ಅಂತ ಇಟ್ಟಿರುತ್ತಾರೆ, ಅದನ್ನು ತೆಗೆಯುವ ತನಕ ಕಿಟಕಿ ಮುಚ್ಚಿಕೊಂಡು ಮಲಗಿದ್ದೆ. ಸುಮ್ನೆ ನೀರು ಸುರಿಯೋದು. ನೋಟ ಪೂರ್ತಿ ತಿಳಿಯಾಗಲು ವಾರಗಳು ಬೇಕಾದವು. ನಿಮ್ಮ ಭಾಮೈದನಿಗೆ ಮಾರನೇ ದಿನವೇ ಸರಿಹೋಗಿದ್ದರೆ ಅವರದು ಲ್ಯಾಸಿಕ್ ಇರಬೇಕು.

ಪಿಆರ್‌ಕೆ ಆದ ಮೇಲೆ ಬಿಸಿಲಿಗೆ ಹುಷಾರಾಗಿ ಇರಬೇಕು, ಇಲ್ಲದಿದ್ದರೆ ಕಾರ್ನಿಯಾ ಮಂಜಾಗುವ ಭಯ ಇರುತ್ತದೆ. ಹಾಗಾಗಿ ಕನ್ನಡಕ ಬಿಡಲು ಹೋದವಳು ತಿಂಗಳುಗಟ್ಟಲೆ ಕಪ್ಪು ಕನ್ನಡಕ ಹಾಕಿಕೊಂಡು ಗ್ರೌಂಡಿನಲ್ಲಿ ನಿಂತೆ. ಮಕ್ಕಳು "ಮೇಡಂ ಹೀರೋಯಿನ್" ಅಂತ ಹೆಸರಿಟ್ಟರು. ಕಣ್ಣು ಒಣಗುವುದು ಬೇಸಿಗೆಯಲ್ಲಿ ಈಗಲೂ ಇದೆ, ಫ್ಯಾನ್ ಗಾಳಿ ನೇರ ಬಂದರೆ ಜಾಸ್ತಿ. ಡ್ರಾಪ್ಸ್ ಬ್ಯಾಗಿನಲ್ಲೇ ಇರುತ್ತದೆ. ಶುರುವಿನಲ್ಲಿ ರಾತ್ರಿ ಲಿಂಗಸೂಗೂರು ರೋಡಿನಲ್ಲಿ ಲಾರಿ ಲೈಟಿನ ಸುತ್ತ ಉಂಗುರ ಕಾಣುತ್ತಿತ್ತು, ಈಗ ಇಲ್ಲ. ಇಷ್ಟಾದರೂ ಯಾರಾದರೂ ಕೇಳಿದರೆ ಮಾಡಿಸಿ ಅಂತಲೇ ಹೇಳುತ್ತೇನೆ. ನೀವು ಮಾಡಿಸುವುದಾದರೆ ಆ ಡೆನಿಮ್ ಧೂಳಿನಿಂದ ಕೆಲವು ವಾರ ದೂರ ಇರಬೇಕಾಗುತ್ತದೆ. ಕಣ್ಣು ಉಜ್ಜುವ ಹಾಗೇ ಇಲ್ಲ.

ಕನ್ನಡಕದ ಅಂಗಡಿಯವ, ಗಂಗಾವತಿ

ನಾನು ಆಪ್ಟೊಮೆಟ್ರಿ (ಕಣ್ಣು ಪರೀಕ್ಷಿಸಿ ನಂಬರು ಕೊಡುವ ವಿದ್ಯೆ) ಓದಿದವನು. ಕನ್ನಡಕ ಮಾರಿಯೇ ಬದುಕುವವನು, ಅದು ತಲೆಯಲ್ಲಿ ಇರಲಿ, ಆಮೇಲೆ ಓದಿ.

ಅಣ್ಣಾರ, ಲೇಸರಿಗೆ ನಿಮ್ಮ ನಂಬರು ಏನೂ ದೊಡ್ಡದಲ್ಲ. ಕಾರ್ನಿಯಾದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಒಂದು ನಂಬರಿಗೆ ಸುಮಾರು 12ರಿಂದ 15 ಮೈಕ್ರಾನ್ ಕೆರೆಯುತ್ತಾರೆ. ನಿಮ್ಮದಕ್ಕೆ 50 ಹೋಯಿತು ಅಂದುಕೊಳ್ಳಿ, ಮುಚ್ಚಳಕ್ಕೆ 110 ಹೋಯಿತು, ಆದರೂ ಕೆಳಗೆ ಬೇಕಾದಷ್ಟು ಉಳಿಯುತ್ತದೆ. ಆಕಾರ ನೆಟ್ಟಗಿದ್ದು, ಕೆರಟೊಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕಾಯಿಲೆ) ಲಕ್ಷಣ ಇಲ್ಲದಿದ್ದರೆ ಡಾಕ್ಟರು ಹ್ಞೂಂ ಅನ್ನಬಹುದು.

ತೊಡಕು ಇರುವುದು ನಿಮ್ಮ ವಯಸ್ಸು ಮತ್ತು ಕಸುಬಿನಲ್ಲಿ. ಸೂಜಿಗೆ ದಾರ ಹಾಕುವಾಗ ಕನ್ನಡಕ ಹಣೆಗೆ ಏರಿಸುತ್ತೇನೆ ಅಂತ ನೀವೇ ಬರೆದಿದ್ದೀರಿ. ಮೈನಸ್ 3 ಕಣ್ಣು ಕನ್ನಡಕ ಇಲ್ಲದೆ ಸುಮಾರು 33 ಸೆಂಟಿಮೀಟರ್ ದೂರದ ವಸ್ತುವನ್ನು ಏನೂ ಶ್ರಮವಿಲ್ಲದೆ ಚೊಕ್ಕವಾಗಿ ನೋಡುತ್ತದೆ. ಮಷಿನ್ ಮೇಲೆ ಬಗ್ಗಿ ಸೂಜಿ ನೋಡುವ ದೂರ ಹೆಚ್ಚು ಕಡಿಮೆ ಅದೇ. ಲೇಸರ್ ಮಾಡಿಸಿ ನಂಬರು ಸೊನ್ನೆ ಮಾಡಿದರೆ ದೂರದ್ದು ಕಾಣುತ್ತದೆ, ಆದರೆ ಹತ್ತಿರದ ಈ ಸುಖ ಹೋಗುತ್ತದೆ. 24 ವರ್ಷದವರಿಗೆ ಅದು ಗೊತ್ತೇ ಆಗುವುದಿಲ್ಲ. ಅವರ ಕಣ್ಣೊಳಗಿನ ಲೆನ್ಸ್ ಇನ್ನೂ ಮೆತ್ತಗಿರುತ್ತದೆ, ಹತ್ತಿರಕ್ಕೆ ತಾನೇ ಹೊಂದಿಕೊಳ್ಳುತ್ತದೆ. 40 ದಾಟಿದ ಮೇಲೆ ಅದು ಬಿರುಸಾಗುತ್ತದೆ. ಅದಕ್ಕೇ ಎಲ್ಲರಿಗೂ ಚಾಳೀಸು ಬರುವುದು. ಲೇಸರ್ ಕೆಲಸ ಮಾಡುವುದು ಮುಂದಿನ ಕಾರ್ನಿಯಾ ಮೇಲೆ, ಒಳಗಿನ ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಅಂದ್ರೆ ಇವತ್ತು ಮಾಡಿಸಿದರೆ, ಇನ್ನು ಕೆಲವು ವರ್ಷಕ್ಕೆ ಸ್ಟೇಷನ್ ರೋಡಿನ ಬೋರ್ಡು ಬರಿಗಣ್ಣಿಗೆ ಕಾಣುತ್ತದೆ, ಸೂಜಿಯ ಕಣ್ಣು ಕಾಣಲು ಪ್ಲಸ್ ಕನ್ನಡಕ ಬೇಕು. ನೀವು ಲಾರಿ ಓಡಿಸುವವರಾಗಿದ್ದರೆ ಮಾಡಿಸಿ ಅನ್ನುತ್ತಿದ್ದೆ. ದಿನವಿಡೀ ಹೊಲಿಗೆ ನೋಡುವವರು ನೀವು. ಬೆವರು ಇಳಿಯುವ ಜಾಗದಲ್ಲೇ ಮತ್ತೆ ಕನ್ನಡಕ ಹಾಕಿಕೊಂಡು ಕೂರಲು 90 ಸಾವಿರ ಯಾಕೆ ಕೊಡಬೇಕು, ನೀವೇ ಹೇಳಿ.

ಇನ್ಶೂರೆನ್ಸ್ ವಿಷಯ: 7.5ಕ್ಕಿಂತ ಕಡಿಮೆ ನಂಬರಿಗೆ ಆರೋಗ್ಯ ಪಾಲಿಸಿಗಳು ಕೊಡುವುದಿಲ್ಲ.

ರೈಲ್ವೆ ಆಸೆ, ಕೊಪ್ಪಳ

ನಡುವೆ ಬಂದೆ, ಕ್ಷಮಿಸಿ. ನಾನು ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆಗೆ ಓದುತ್ತಿದ್ದೇನೆ, ಮೈನಸ್ 1.5 ಇದೆ. ಲೇಸರ್ ಮಾಡಿಸಿಕೊಂಡು ಮೆಡಿಕಲ್‌ಗೆ ಹೋದರೆ ನಡೆಯುತ್ತಾ? ಕೋಚಿಂಗಿನಲ್ಲಿ ಕೆಲವರು ಗೊತ್ತಾಗಲ್ಲ ಬಿಡು ಅಂತಾರೆ.

ಕನ್ನಡಕದ ಅಂಗಡಿಯವ, ಗಂಗಾವತಿ

ತಮ್ಮಾ, ಬೇಡ. ಆ ಹುದ್ದೆಗೆ ಎ-1 ಮೆಡಿಕಲ್, ಅಂದ್ರೆ ಕಣ್ಣಿನ ವಿಷಯದಲ್ಲಿ ರೈಲ್ವೆಯ ಅತಿ ಬಿಗಿ ದರ್ಜೆ. ಕನ್ನಡಕ ಇಲ್ಲದೆ ಎರಡೂ ಕಣ್ಣು 6/6 ಇರಬೇಕು, ಲ್ಯಾಸಿಕ್ ಮಾಡಿಸಿದವರನ್ನು ತೆಗೆದುಕೊಳ್ಳುವುದಿಲ್ಲ. ಗೊತ್ತಾಗಲ್ಲ ಅನ್ನುವುದು ಸುಳ್ಳು, ಕಾರ್ನಿಯಾ ಸ್ಕ್ಯಾನ್ ಮಾಡಿದರೆ ಕೆರೆದ ಗುರುತು ಕಾಣುತ್ತದೆ. ಕನ್ನಡಕ ನಡೆಯುವ ಹುದ್ದೆಗಳೂ ರೈಲ್ವೆಯಲ್ಲಿ ಇವೆ. ದುಡ್ಡು ಕಟ್ಟುವ ಮೊದಲು ನೋಟಿಫಿಕೇಷನ್‌ನಲ್ಲಿ ಮೆಡಿಕಲ್ ಭಾಗ ಓದಿಕೋ.

ಕಟಿಂಗ್ ಮಾಸ್ಟರ್, ಬಳ್ಳಾರಿ

ಟೀಚರಮ್ಮ, ಗಂಗಾವತಿ ಅಣ್ಣ, ಇಬ್ಬರಿಗೂ ಥ್ಯಾಂಕ್ಸ್. ಹತ್ತಿರದ ನೋಟ ಹೋಗುತ್ತದೆ ಅಂತ ಫೋನಿನಲ್ಲಿ ಒಬ್ಬರೂ ಹೇಳಲಿಲ್ಲ. ನನ್ನ ವಯಸ್ಸು ಸಹ ಕೇಳಲಿಲ್ಲ, ರೇಟು ಮಾತ್ರ ಹೇಳಿದರು.

ಇನ್ನೊಂದು ಕೇಳುತ್ತೇನೆ. ಒಂದು ಕಣ್ಣಿಗೆ ಮಾತ್ರ ಮಾಡಿಸಿದರೆ? ಒಂದು ರೋಡಿಗೆ, ಒಂದು ಸೂಜಿಗೆ!

ಕನ್ನಡಕದ ಅಂಗಡಿಯವ, ಗಂಗಾವತಿ

ನೀವು ತಮಾಷೆಗೆ ಅಂದಿದ್ದು ನಿಜವಾಗಿಯೂ ಇದೆ, ಮೊನೊವಿಷನ್ ಅಂತಾರೆ. ಆದರೆ ಒಂದು ಸೊನ್ನೆ, ಇನ್ನೊಂದು ಮೈನಸ್ 3 ಬಿಟ್ಟರೆ ವ್ಯತ್ಯಾಸ ಬಹಳ ಆಯಿತು, ಹೆಚ್ಚಿನವರಿಗೆ ತಲೆ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಮೈನಸ್ 1.5ರ ಹತ್ತಿರ ಉಳಿಸುತ್ತಾರೆ. ಅಷ್ಟಾದರೂ ಆಳ ಅಂದಾಜು ಸ್ವಲ್ಪ ತಪ್ಪುತ್ತದೆ. ರಾತ್ರಿ ಬೈಕ್ ಓಡಿಸುವವರಿಗೆ, ಬಟ್ಟೆಯ ಥಾಕು ಪೇರಿಸಿ ಕಟಿಂಗ್ ಮಷಿನ್ ಹಿಡಿಯುವವರಿಗೆ ಅದು ಸಣ್ಣ ವಿಷಯ ಅಲ್ಲ.

ಪರೀಕ್ಷೆ ಮಾಡಿ ನೋಡಲು ದಾರಿ ಇದೆ. ಅದೇ ಲೆಕ್ಕದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಸ್ವಲ್ಪ ದಿನ ಓಡಾಡಿ. ಹೊಂದದಿದ್ದರೆ ತೆಗೆದರಾಯಿತು, ಲೇಸರ್ ಹಾಗಲ್ಲ. ಕಟಿಂಗ್ ಟೇಬಲ್ ಹತ್ತಿರ ಮಾತ್ರ ಲೆನ್ಸ್ ಬೇಡ, ಧೂಳು ಒಳಗೆ ಸೇರಿದರೆ ಕಣ್ಣು ಕೆಂಡ ಆಗುತ್ತದೆ. ಕೈಯ ನೀಲಿ ಬಣ್ಣ ಹೋಗುವ ತನಕ ಸೋಪು ಹಾಕಿ ತೊಳೆದು ಮುಟ್ಟಬೇಕು. ಮುಂದೆ ಮನಸ್ಸು ಬದಲಾಗಿ ಸ್ಕ್ಯಾನಿಗೆ ಹುಬ್ಬಳ್ಳಿಗೋ ಹೈದರಾಬಾದಿಗೋ ಹೋಗುವುದಾದರೆ ಸಾಫ್ಟ್ ಲೆನ್ಸನ್ನು ಒಂದೆರಡು ವಾರ ಮೊದಲೇ ಬಿಡಿ. ಲೆನ್ಸ್ ಒತ್ತಿ ಕಾರ್ನಿಯಾ ಆಕಾರ ಸ್ವಲ್ಪ ಬದಲಾಗಿರುತ್ತದೆ, ಅಳತೆ ತಪ್ಪುತ್ತದೆ.

ಪಿ.ಇ. ಟೀಚರ್, ರಾಯಚೂರು

ಅಂಗಡಿ ಅಣ್ಣ ಹೇಳಿದ್ದು ಓದಿ ನಾನೂ ಲೆಕ್ಕ ಹಾಕಿದೆ. ನನಗೂ ಚಾಳೀಸು ಬರುತ್ತೆ ಅಂತಾಯ್ತು. ಬರಲಿ ಬಿಡಿ, ವಿಸಿಲ್ ಊದಲು ಅದೇನು ಬೇಕಾಗಿಲ್ಲ. ಒಂದು ಮಾತು, ಮಾಡಿಸುವವರು ಯಾರೇ ಆಗಲಿ, ಆಪರೇಷನ್‌ಗೆ ಮುಂಚಿನ ರಿಪೋರ್ಟು ಎಲ್ಲ ಜೋಪಾನ ಮಾಡಿ. ವಯಸ್ಸಾದ ಮೇಲೆ ಕಣ್ಣಿನ ಪೊರೆ ತೆಗೆಸುವಾಗ ಹಾಕುವ ಲೆನ್ಸಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ ಅಂತ ನನಗೆ ಹೇಳಿದ್ದರು.

ಕಟಿಂಗ್ ಮಾಸ್ಟರ್, ಬಳ್ಳಾರಿ

ಆಯಿತು, ಲೇಸರ್ ಬೇಡ. ಭಾಮೈದ, ಭಾವ ಹೆದರಿದ ಅಂತ ಊರೆಲ್ಲ ಹೇಳುತ್ತಾನೆ, ಹೇಳಿಕೊಳ್ಳಲಿ. ಆ ದುಡ್ಡಿನಲ್ಲಿ ಮೊದಲು ತಗಡಿನ ಕೆಳಗೆ ಒಂದು ಕೂಲರ್ ಕೂರಿಸುತ್ತೇನೆ. ಮೂಗಿನಿಂದ ಜಾರದ, ಹಗುರ ಫ್ರೇಮ್ ಯಾವುದಾದರೂ ಇದೆಯಾ ಅಣ್ಣ? ಗಂಗಾವತಿಯಲ್ಲಿ ಅಕ್ಕನ ಮನೆ ಇದೆ, ಭಾನುವಾರ ಅಂಗಡಿ ತೆಗೆದಿರುತ್ತೀರಾ?

ಕನ್ನಡಕದ ಅಂಗಡಿಯವ, ಗಂಗಾವತಿ

ಮಧ್ಯಾಹ್ನದ ತನಕ ಇರುತ್ತೇನೆ. ಮೂಗಿನ ಹತ್ತಿರ ಸಿಲಿಕಾನ್ ಪ್ಯಾಡ್ ಇರುವ ಪ್ಲಾಸ್ಟಿಕ್ ಫ್ರೇಮ್ ನೋಡೋಣ, ಕಿವಿ ಹಿಂದೆ ಕೊಕ್ಕೆ ರಬ್ಬರ್ ಹಾಕಿದರೆ ಬಗ್ಗಿದರೂ ಬೀಳುವುದಿಲ್ಲ. ಹಳೆಯ ನಂಬರಿನ ಚೀಟಿ ಇದ್ದರೆ ತನ್ನಿ. ಗೀರು ಬಿದ್ದ ಆ ಕನ್ನಡಕವನ್ನೂ ತನ್ನಿ.