ಡೂಮ್ ಶೈಲಿಯ ಗೇಮ್: ಶತ್ರುಗಳ ಚಿತ್ರ ಉದ್ದುದ್ದ ಕಾಣ್ತಿದೆ, ಸಹಾಯ ಬೇಕು

ಹಳೇ ಶೂಟಿಂಗ್ ಗೇಮ್ ಡೂಮ್ ಥರದ್ದೊಂದು ಮಾಡ್ತಿದೀನಿ: ಜಿಝಡ್‌ಡೂಮ್ ಎಂಜಿನ್ (ಡೂಮ್ ಥರದ ಗೇಮ್ ಓಡಿಸೋ ಸಾಫ್ಟ್‌ವೇರ್), ಗೋಡೆಗಳಿಗೆ ಫ್ರೀಡೂಮ್ ಅನ್ನೋ ಉಚಿತ ಸಂಗ್ರಹದ ಟೆಕ್ಸ್ಚರ್‌ಗಳು. ಶತ್ರುವಿನ ಸ್ಪ್ರೈಟ್ (ಚಪ್ಪಟೆ ಚಿತ್ರ) 56 ಪಿಕ್ಸೆಲ್ ಎತ್ತರ, 8 ಕೋನ, ಎಲ್ಲಾ ಕೈಯಲ್ಲೇ ಬಿಡಿಸಿದ್ದು. ಗೇಮ್‌ನಲ್ಲಿ ದುಂಡು ಮುಖ ಮೊಟ್ಟೆ ಥರ ಕಾಣುತ್ತೆ. ಕಾರಣ ಗೊತ್ತು: 1993ರ ಡೂಮ್ 320x200 ಚಿತ್ರವನ್ನು 4:3 ಪರದೆ ತುಂಬಾ ಹಿಗ್ಗಿಸ್ತಿತ್ತು, ಹಾಗಾಗಿ ಪಿಕ್ಸೆಲ್ 1.2 ಪಟ್ಟು ಉದ್ದ. ಎಂಜಿನ್ ಈಗಲೂ ಅದನ್ನೇ ಪಾಲಿಸುತ್ತೆ.

ಮ್ಯಾಪ್‌ಇನ್ಫೋದಲ್ಲಿ (ಲೆವೆಲ್ ಸೆಟ್ಟಿಂಗ್ ಫೈಲ್) ಪಿಕ್ಸೆಲ್‌ರೇಶಿಯೊ, ಅಂದರೆ ಪಿಕ್ಸೆಲ್‌ನ ಉದ್ದ-ಅಗಲದ ಅನುಪಾತ, 1.0 ಕೊಟ್ಟರೆ ಮುಖ ಸರಿಹೋಗುತ್ತೆ, ಆದರೆ ಗೋಡೆ, ಬಾಗಿಲು ಎಲ್ಲಾ ಕುಳ್ಳಗಾಗುತ್ತವೆ. ಚಿತ್ರವನ್ನೇ 47 ಸಾಲಿಗೆ ಇಳಿಸಿದರೆ 9 ಸಾಲು ಹಾರಿಹೋಗುತ್ತೆ. ಕಣ್ಣು ಇರೋದೇ ಒಂದು ಸಾಲು, ಅದೇ ಮಾಯ. ವೈಸ್ಕೇಲ್ (ಚಿತ್ರವನ್ನು ಮೇಲೆ-ಕೆಳಗೆ ಕುಗ್ಗಿಸೋ ಸೆಟ್ಟಿಂಗ್) 0.833 ಹಾಕಿದಾಗ ಆಕಾರ ಚೆನ್ನಾಗಿದೆ, ಆದರೆ ಹೈಟ್ (ಗುಂಡು, ಗೋಡೆ ತಗಲೋದಕ್ಕೆ ಎಂಜಿನ್ ಲೆಕ್ಕ ಹಾಕೋ ಶತ್ರುವಿನ ಎತ್ತರ) 56 ಹಾಗೇ ಉಳಿಯೋದರಿಂದ ತಲೆ ಮೇಲಿನ ಖಾಲಿ ಜಾಗಕ್ಕೆ ಹೊಡೆದ ಗುಂಡೂ ತಗಲುತ್ತೆ. ಹೈಟ್ 47 ಮಾಡಿದರೆ 48 ಯೂನಿಟ್ ಎತ್ತರದ ಕಿಂಡಿಯಲ್ಲೂ ಶತ್ರು ನುಗ್ಗಿ ಬರ್ತಾನೆ, ಲೆವೆಲ್ ಲೆಕ್ಕಾಚಾರವೇ ಕೆಡುತ್ತೆ. ಜೊತೆಗೆ ಶತ್ರುವಿನ ಪಿಕ್ಸೆಲ್ ಚೌಕ, ಗೋಡೆಯದ್ದು ಉದ್ದ. ಹತ್ತಿರ ಹೋದಾಗ ಕಣ್ಣಿಗೆ ಹೊಡೆಯುತ್ತೆ.

ಇಂಥ ಗೇಮ್ ಮಾಡಿ ಮುಗಿಸಿದವರು ಹೇಳಿ: ವೈಸ್ಕೇಲ್ ಇಟ್ಟುಕೊಂಡು ಕಿಂಡಿಗಳನ್ನು ಬ್ಲಾಕ್ ಮಾನ್‌ಸ್ಟರ್ ಗೆರೆಯಿಂದ (ಶತ್ರುಗಳನ್ನು ದಾಟಲು ಬಿಡದ ಗೆರೆ) ಮುಚ್ಚೋದು ಸಾಕಾ, ಅಥವಾ ಎಂಟೂ ಕೋನಗಳನ್ನು 47 ಸಾಲಿನಲ್ಲಿ ಹೊಸದಾಗಿ ಬಿಡಿಸಲೇಬೇಕಾ?