ರಿಕರ್ಶನ್ ಒಂದೇ ಕೊಂಬೆ ಹಿಡಿದು ಹೋಗಿ ನಿಂತುಬಿಡುತ್ತದೆ, ಎರರ್ ಕೂಡ ಇಲ್ಲ

ಪ್ರಶ್ನೆ
ಎರಡು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ. ಪೈಥಾನ್, ಎಸ್‌ಕ್ಯೂಲೈಟ್ ಡೇಟಾಬೇಸ್. ಟೇಬಲ್‌ನಲ್ಲಿ ಮೂರೇ ಕಾಲಂ: ಐಡಿ, ಹೆಸರು, ಪೇರೆಂಟ್ ಐಡಿ. ಫಂಕ್ಷನ್‌ಗೆ ಒಂದು ಐಡಿ ಕೊಟ್ಟರೆ ಅದರ ಮಕ್ಕಳನ್ನು ಸೆಲೆಕ್ಟ್ ಮಾಡುತ್ತದೆ. ಫಾರ್ ಲೂಪ್‌ನಲ್ಲಿ ಒಂದೊಂದರ ಹೆಸರು ಪ್ರಿಂಟ್ ಮಾಡಿ, ಆ ಐಡಿ ಹಿಡಿದು ಮತ್ತೆ ತನ್ನನ್ನೇ ಕರೆಯುತ್ತದೆ (ಇದೇ ರಿಕರ್ಶನ್). ಕ್ವೆರಿ ಓಡಿಸಿ ಸಾಲುಗಳನ್ನು ಒಂದೊಂದಾಗಿ ಕೊಡುವ ಕರ್ಸರ್ ಒಂದೇ, ಎಲ್ಲ ಕರೆಗಳಿಗೂ ಸೇರಿ ಗ್ಲೋಬಲ್ ಆಗಿ ಇಟ್ಟಿದ್ದೇನೆ.

'ಪುಸ್ತಕ'ದ ಕೆಳಗೆ ಕಥೆ, ಕವನ, ನಾಟಕ ಇವೆ. 'ಕಥೆ'ಯ ಕೆಳಗೆ ಸಣ್ಣಕಥೆ, ಕಾದಂಬರಿ. ಬರುವುದು ಮಾತ್ರ ಇಷ್ಟು:

ಕಥೆ
ಸಣ್ಣಕಥೆ

ಕಾದಂಬರಿ, ಕವನ, ನಾಟಕ ಮಾಯ! ಎರರ್ ಬಂದಿದ್ದರೆ ಬೈದುಕೊಂಡಾದರೂ ಹುಡುಕುತ್ತಿದ್ದೆ. ಅದೇ ಸೆಲೆಕ್ಟ್ ಒಂದನ್ನೇ ಓಡಿಸಿದರೆ ಮೂರೂ ಸಾಲು ಬರುತ್ತವೆ.

ಉತ್ತರ 1
ರಿಕರ್ಶನ್ ಸರಿಯಾಗೇ ಇದೆ. ತಪ್ಪಿರುವುದು ಆ ಗ್ಲೋಬಲ್ ಕರ್ಸರ್‌ನಲ್ಲಿ. ಹೊರಗಿನ ಲೂಪ್ 'ಕಥೆ' ಓದಿದೆ, ಕವನ, ನಾಟಕ ಇನ್ನೂ ಕರ್ಸರ್‌ನಲ್ಲೇ ಕಾಯುತ್ತಿವೆ. ಅಷ್ಟರಲ್ಲಿ ಒಳಗಿನ ಕರೆ ಅದೇ ಕರ್ಸರ್ ಮೇಲೆ ಹೊಸ ಎಕ್ಸಿಕ್ಯೂಟ್ ಮಾಡಿತು. ಹಳೆಯ ಸಾಲುಗಳು ಅಲ್ಲಿಗೇ ಹೋದವು. 'ಸಣ್ಣಕಥೆ'ಗೆ ಮಕ್ಕಳಿಲ್ಲ, ಕರ್ಸರ್ ಖಾಲಿ. ವಾಪಸ್ ಬಂದ ಪ್ರತಿ ಲೂಪ್ ಆ ಖಾಲಿ ಕರ್ಸರ್ ನೋಡಿ "ಓ, ಮುಗೀತು" ಅಂತ ಸುಮ್ನೆ ಹೊರಬರುತ್ತದೆ. ಅದಕ್ಕೇ ಎರರ್ ಇಲ್ಲ.

ಲೂಪ್‌ಗೆ ಮೊದಲು ಫೆಚ್‌ಆಲ್ ಮಾಡಿ ಸಾಲುಗಳನ್ನೆಲ್ಲ ಒಟ್ಟಿಗೆ ಲಿಸ್ಟ್‌ಗೆ ಹಾಕಿಕೊಳ್ಳಿ, ಆಮೇಲೆ ಲಿಸ್ಟ್ ಮೇಲೆ ಲೂಪ್ ಓಡಿಸಿ. ಇಲ್ಲವೇ ಪ್ರತಿ ಕರೆಗೂ ಹೊಸ ಕರ್ಸರ್. ನಾನೂ ಒಮ್ಮೆ ಇದರಲ್ಲೇ ಬಿದ್ದು ಇಡೀ ಸಂಜೆ ಡೇಟಾವನ್ನೇ ಅನುಮಾನಿಸಿದ್ದೆ.

ಪ್ರಶ್ನೆ ಕೇಳಿದವರು
ಫೆಚ್‌ಆಲ್ ಹಾಕಿದೆ, ಎಲ್ಲ ಬಂತು! ಆದರೆ ಐಡಿ 12ರಿಂದ ಶುರು ಮಾಡಿದರೆ ಒಂದೇ ಹೆಸರು ನಿಲ್ಲದೆ ಪ್ರಿಂಟ್ ಆಗಿ ಕೊನೆಗೆ ರಿಕರ್ಶನ್ಎರರ್. ನೋಡಿದರೆ 12ರ ಪೇರೆಂಟ್ 12! ಮೊನ್ನೆ ಟೆಸ್ಟ್ ಮಾಡುವಾಗ ನಾನೇ ಬದಲಿಸಿ ಮರೆತಿದ್ದೆ, ನಾಚಿಕೆ.

ಉತ್ತರ 2
ಒಂದರೊಳಗೊಂದು ಕರೆಗೆ ಪೈಥಾನ್‌ನ ಮಾಮೂಲಿ ಮಿತಿ 1000, ದಾಟಿದರೆ ಆ ಎರರ್. ಅದನ್ನು ಜಾಸ್ತಿ ಮಾಡಲು ಹೋಗಬೇಡಿ, ಇಲ್ಲಿ ಅದು ನಿಮ್ಮನ್ನು ಕಾಪಾಡಿದೆ. ನೋಡಿದ ಐಡಿಗಳನ್ನು ಒಂದು ಸೆಟ್‌ನಲ್ಲಿ ಇಟ್ಟು, ಮತ್ತೆ ಬಂದರೆ ಬಿಟ್ಟುಬಿಡಿ.

ನಾನಾದರೆ ಪೈಥಾನ್‌ನಲ್ಲಿ ಇದನ್ನು ಬರೆಯುತ್ತಲೇ ಇರಲಿಲ್ಲ. 2014ರ 3.8.3 ಆವೃತ್ತಿಯಿಂದ ಎಸ್‌ಕ್ಯೂಲೈಟ್‌ನಲ್ಲೇ 'ವಿತ್ ರಿಕರ್ಸಿವ್' ಇದೆ, ಅಂದರೆ ಕ್ವೆರಿಯೇ ತನ್ನ ಫಲಿತಾಂಶ ಹಿಡಿದು ಮುಂದಿನ ಹಂತ ಹುಡುಕುತ್ತದೆ. ಮರ ಪೂರ್ತಿ ಒಂದೇ ಕ್ವೆರಿಯಲ್ಲಿ ಬರುತ್ತದೆ, ಪ್ರತಿ ಐಡಿಗೂ ಒಂದು ಕ್ವೆರಿ ಬೇಕಿಲ್ಲ. ಅದರಲ್ಲಿ ಹಂತಗಳ ಸಾಲುಗಳನ್ನು ಜೋಡಿಸಲು 'ಯೂನಿಯನ್ ಆಲ್' ಬದಲು ಬರೀ 'ಯೂನಿಯನ್' ಹಾಕಿದರೆ ಬಂದ ಸಾಲೇ ಮತ್ತೆ ಬಂದಾಗ ಸೇರಿಸಿಕೊಳ್ಳುವುದಿಲ್ಲ, 12ರಂಥ ಸುತ್ತು ತಾನೇ ನಿಲ್ಲುತ್ತದೆ. ಆದರೆ ಎಷ್ಟನೇ ಹಂತ ಅನ್ನೋ ಕಾಲಂ ಸೇರಿಸಿದರೆ ಪ್ರತಿ ಸಾಲೂ ಬೇರೆಯಾಗುತ್ತದೆ ಅಲ್ವಾ, ಆಗ ಯೂನಿಯನ್ ಕೂಡ ಕೈಕೊಡುತ್ತದೆ. ಹಂತಕ್ಕೆ ಒಂದು ಮಿತಿ ನೀವೇ ಹಾಕಿ.