ಏಜೆಂಟ್ ತಪ್ಪು ಟೂಲನ್ನು ಆರಿಸುತ್ತಿದೆ: ವಿವರಣೆಯಲ್ಲಿ ಏನನ್ನು ಬರೆಯಬೇಕು?

ಪ್ರಶ್ನೆ

ಆರ್ಡರ್‌ಗಳನ್ನು ನಿರ್ವಹಿಸುವ ನಮ್ಮ ಆಂತರಿಕ ತಂತ್ರಾಂಶಕ್ಕೆ ಭಾಷಾ ಮಾಡೆಲ್ ಒಂದನ್ನು ಏಜೆಂಟ್ ಆಗಿ, ಅಂದರೆ ಟೂಲ್‌ಗಳನ್ನು (ನಮ್ಮ ಕೋಡ್‌ನ ಕೆಲಸಗಳನ್ನು) ತಾನೇ ಆರಿಸಿ ಕರೆಯುವಂತೆ, ಜೋಡಿಸುತ್ತಿದ್ದೇವೆ. ಅದಕ್ಕೆ ಕೊಟ್ಟಿರುವ ಟೂಲ್‌ಗಳಲ್ಲಿ ‘ಆರ್ಡರ್_ಹುಡುಕು’ ಮತ್ತು ‘ಆರ್ಡರ್_ವಿವರ’ ಎಂಬ ಎರಡು ಇವೆ. ಮೊದಲನೆಯದರ ವಿವರಣೆ “ಆರ್ಡರ್‌ಗಳನ್ನು ಹುಡುಕುತ್ತದೆ” ಎಂದೂ ಎರಡನೆಯದರದು “ಆರ್ಡರ್ ಮಾಹಿತಿಯನ್ನು ಕೊಡುತ್ತದೆ” ಎಂದೂ ಇದೆ. ಬಳಕೆದಾರರು ಆರ್ಡರ್ ಸಂಖ್ಯೆಯನ್ನೇ ಹೇಳಿದಾಗಲೂ ಏಜೆಂಟ್ ಅನೇಕ ಸಲ ಹುಡುಕುವ ಟೂಲನ್ನೇ ಕರೆಯುತ್ತದೆ. ದಿನಾಂಕವನ್ನಂತೂ ಒಮ್ಮೊಮ್ಮೆ ಒಂದೊಂದು ರೂಪದಲ್ಲಿ ಕಳಿಸುತ್ತದೆ. ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಮೊದಲೇ ಕೊಡುವ ಸೂಚನೆಗಳಲ್ಲಿ) ನಿಯಮಗಳನ್ನು ಸೇರಿಸುತ್ತಾ ಹೋದರೆ ಅದು ಬೆಳೆಯುತ್ತದೆಯೇ ಹೊರತು ತೊಂದರೆ ಪೂರ್ತಿ ನೀಗುವುದಿಲ್ಲ. ಟೂಲ್ ವಿವರಣೆಯನ್ನು ಎಷ್ಟು ವಿಸ್ತಾರವಾಗಿ, ಯಾವ ಸಂಗತಿಗಳನ್ನು ಒಳಗೊಂಡು ಬರೆಯುವುದು ಸೂಕ್ತ?

ಉತ್ತರ 1

ನಿಮ್ಮ ಎರಡು ವಿವರಣೆಗಳನ್ನು ಅದಲುಬದಲು ಮಾಡಿದರೂ ಅವು ಸರಿಯಾಗಿಯೇ ಕಾಣುತ್ತವೆ. ತೊಂದರೆಯ ಮೂಲ ಅಲ್ಲಿದೆ. ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಟೂಲಿನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ (ಕರೆಯುವಾಗ ಕೊಡುವ ಮೌಲ್ಯಗಳ) ರೂಪವನ್ನು ಹೇಳುವ ಜೇಸನ್ ಸ್ಕೀಮಾ, ಕರೆದ ಮೇಲೆ ಬರುವ ಫಲಿತಾಂಶ, ಇಷ್ಟೇ ಅದರ ಕಣ್ಣಿಗೆ ಬೀಳುವುದು. ಆದುದರಿಂದ ವಿವರಣೆಯಲ್ಲಿ ಟೂಲ್ ಏನು ಮಾಡುತ್ತದೆ ಎಂಬುದಕ್ಕಿಂತ, ಪಕ್ಕದ ಟೂಲನ್ನು ಬಿಟ್ಟು ಇದನ್ನೇ ಯಾವಾಗ ಆರಿಸಬೇಕು, ಯಾವಾಗ ಆರಿಸಬಾರದು ಎಂಬುದಕ್ಕೆ ಹೆಚ್ಚು ಜಾಗ ಕೊಡಬೇಕು. ಹುಡುಕುವ ಟೂಲಿಗೆ ನಾನಾದರೆ ಹೀಗೆ ಬರೆಯುತ್ತೇನೆ:

“ಗ್ರಾಹಕರ ಹೆಸರು, ದಿನಾಂಕಗಳ ಅವಧಿ ಅಥವಾ ಸ್ಥಿತಿಯನ್ನು ಆಧರಿಸಿ ಆರ್ಡರ್‌ಗಳ ಪಟ್ಟಿಯನ್ನು ಕೊಡುತ್ತದೆ. ಆರ್ಡರ್ ಸಂಖ್ಯೆ ತಿಳಿದಿದ್ದರೆ ಇದನ್ನು ಬಳಸದೆ ‘ಆರ್ಡರ್_ವಿವರ’ವನ್ನು ಕರೆಯಿರಿ. ಒಂದು ಸಲಕ್ಕೆ ಹೆಚ್ಚೆಂದರೆ 50 ಆರ್ಡರ್‌ಗಳು ಬರುತ್ತವೆ, ಇತ್ತೀಚಿನವು ಮೊದಲು. ಇನ್ನೂ ಉಳಿದಿದ್ದರೆ ಫಲಿತಾಂಶದಲ್ಲಿ ‘ಮುಂದಿನ_ಪುಟ’ ಇರುತ್ತದೆ. ಹೊಂದುವ ಆರ್ಡರ್ ಇಲ್ಲದಿದ್ದರೆ ಖಾಲಿ ಪಟ್ಟಿ ಬರುತ್ತದೆ, ಅದು ದೋಷವಲ್ಲ.”

ಕೊನೆಯ ವಾಕ್ಯ ಅನವಶ್ಯಕವೆಂದು ತೋರಬಹುದು. ಆದರೆ ಖಾಲಿ ಪಟ್ಟಿಯನ್ನು ವೈಫಲ್ಯವೆಂದು ತಿಳಿದ ಏಜೆಂಟ್ ಅದೇ ಕರೆಯನ್ನು ಸ್ವಲ್ಪ ಬದಲಿಸಿ ಮತ್ತೆ ಮತ್ತೆ ಮಾಡುವುದುಂಟು. 50ರ ಮಿತಿಯನ್ನು ಹೇಳದಿದ್ದರೆ, ಮೊದಲ ಪುಟವನ್ನಷ್ಟೇ ನೋಡಿ “ಒಟ್ಟು 50 ಆರ್ಡರ್‌ಗಳಿವೆ” ಎಂದು ಬಳಕೆದಾರರಿಗೆ ಆತ್ಮವಿಶ್ವಾಸದಿಂದ ತಿಳಿಸಿಬಿಡುತ್ತದೆ.

ದಿನಾಂಕದ ವಿಷಯವನ್ನು ಆಯಾ ಪ್ಯಾರಾಮೀಟರಿನ ವಿವರಣೆಯಲ್ಲೇ ಬರೆಯಿರಿ. 03/04/2025 ಎಂಬುದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601ರ ಪ್ರಕಾರ 2025-04-03 ಎಂಬ ರೂಪವೇ ಬೇಕೆಂದು ಹೇಳಿ, ಒಂದು ಉದಾಹರಣೆ ಕೊಡಿ, ಅವಧಿಯ ಕೊನೆಯ ದಿನವೂ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನೂ ಯಾವ ಕಾಲವಲಯವೆಂಬುದನ್ನೂ ತಿಳಿಸಿ. ಯುನಿಕ್ಸ್ ಸಮಯವನ್ನು (1970ರ ಜನವರಿ 1ರಿಂದ ಎಣಿಸುವ ಸಂಖ್ಯೆಯನ್ನು) ಬಳಸುತ್ತಿದ್ದರೆ ಅದು ಸೆಕೆಂಡುಗಳಲ್ಲೋ ಮಿಲಿಸೆಕೆಂಡುಗಳಲ್ಲೋ ಎಂಬುದು ಸ್ಪಷ್ಟವಾಗಿರಲಿ.

ಉತ್ತರ 2

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಗದ್ಯದಿಂದಲೇ ಸರಿಪಡಿಸಲು ಹೊರಡುವುದು ಸರಿಯಲ್ಲ. ಟೂಲ್‌ಗಳ ವಿವರಣೆಗಳು ಸಾಮಾನ್ಯವಾಗಿ ಪ್ರತಿ ವಿನಂತಿಯೊಂದಿಗೂ ಮಾಡೆಲ್‌ಗೆ ಹೋಗುತ್ತವೆ. ನಲವತ್ತು ಟೂಲ್‌ಗಳಿಗೆ ಅರ್ಧ ಪುಟದಂತೆ ಬರೆದರೆ, ಬಳಕೆದಾರರು ಒಂದು ಮಾತನಾಡುವ ಮೊದಲೇ ಸಾವಿರಾರು ಟೋಕನ್‌ಗಳು (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕುಗಳು) ಖರ್ಚಾಗಿರುತ್ತವೆ. ಸ್ಥಿತಿಗೆ ಐದೇ ಮೌಲ್ಯಗಳಿದ್ದರೆ ಅವನ್ನು ವಾಕ್ಯದಲ್ಲಿ ವರ್ಣಿಸುವ ಬದಲು ಸ್ಕೀಮಾದ ‘ಎನಮ್’ನಲ್ಲಿ (ಒಪ್ಪುವ ಮೌಲ್ಯಗಳ ಪಟ್ಟಿಯಲ್ಲಿ) ಇಡಿ. ಕಡ್ಡಾಯವಾದ ಪ್ಯಾರಾಮೀಟರನ್ನು ‘ರಿಕ್ವಯರ್ಡ್’ ಪಟ್ಟಿಗೆ ಸೇರಿಸಿ. ಬರೀ ‘ಐಡಿ’ ಎಂಬ ಹೆಸರನ್ನು ‘ಆರ್ಡರ್_ಸಂಖ್ಯೆ’ ಎಂದು ಬದಲಿಸಿದರೆ ಎರಡು ವಾಕ್ಯಗಳ ವಿವರಣೆ ಬರೆಯುವ ಅಗತ್ಯವೇ ಇರುವುದಿಲ್ಲ.

ಎರರ್ ಸಂದೇಶವೂ ವಿವರಣೆಯ ಒಂದು ಭಾಗವೇ, ಅದೂ ಬೇಕಾದ ಹೊತ್ತಿಗೆ ಮಾತ್ರ ಬರುವ ಭಾಗ. “400: ಅಮಾನ್ಯ ವಿನಂತಿ” ಎಂಬುದರಿಂದ ಏಜೆಂಟ್‌ಗೆ ಏನೂ ತಿಳಿಯುವುದಿಲ್ಲ, “‘ಇಂದ_ದಿನಾಂಕ’ವು ವರ್ಷ-ತಿಂಗಳು-ದಿನ ರೂಪದಲ್ಲಿರಬೇಕು, ಬಂದದ್ದು 03/04/2025” ಎಂದರೆ ಮುಂದಿನ ಕರೆಯಲ್ಲೇ ತಿದ್ದಿಕೊಳ್ಳುವ ಸಾಧ್ಯತೆ ಹೆಚ್ಚು. ಮಾಡೆಲ್‌ಗಳಿಗೆ ಟೂಲ್‌ಗಳನ್ನು ಜೋಡಿಸುವ ಮುಕ್ತ ಮಾನದಂಡವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಎಂಸಿಪಿ, ಟೂಲ್ ನಡೆಯುವಾಗಿನ ದೋಷವನ್ನು ಫಲಿತಾಂಶದ ಒಳಗೇ ಗುರುತು ಹಾಕಿ ಕಳಿಸಲು ಹೇಳುವುದಕ್ಕೆ ಕಾರಣವೂ ಇದೇ: ಮಾಡೆಲ್ ಅದನ್ನು ಓದಬೇಕು.

ಇನ್ನೊಂದು ಮಾತು. ಎರಡು ಟೂಲ್‌ಗಳ ನಡುವಿನ ವ್ಯತ್ಯಾಸವನ್ನು ಎರಡು ವಾಕ್ಯಗಳಲ್ಲಿ ಹೇಳಲು ನಿಮಗೇ ಕಷ್ಟವಾದರೆ, ಅವು ಒಂದೇ ಟೂಲ್ ಆಗಬೇಕಿತ್ತೇನೋ ಎಂದು ಯೋಚಿಸಿ.

ಉತ್ತರ 3

ಆರ್ಡರ್ ರದ್ದು ಮಾಡುವ ಟೂಲ್ ಕೂಡ ನಿಮ್ಮಲ್ಲಿರಬಹುದೆಂದು ಊಹಿಸಿ ಇದನ್ನು ಸೇರಿಸುತ್ತಿದ್ದೇನೆ. “ಬಳಕೆದಾರರ ಒಪ್ಪಿಗೆ ಪಡೆದ ನಂತರವೇ ಕರೆಯಿರಿ” ಎಂದು ವಿವರಣೆಯಲ್ಲಿ ಬರೆಯುವುದು ಒಳ್ಳೆಯದೇ, ಆದರೆ ಅದನ್ನು ಕಾವಲೆಂದು ಭಾವಿಸಬಾರದು; ಅನುಮತಿಯ ಪರಿಶೀಲನೆ ಕೋಡ್‌ನಲ್ಲಿಯೇ ನಡೆಯಬೇಕು. ಆಂತ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಂಸಿಪಿಗೆ ಮರುವರ್ಷ, ಟೂಲ್ ಬರೀ ಓದುವಂಥದ್ದೋ, ನಾಶಪಡಿಸುವಂಥದ್ದೋ ಎಂದು ಸೂಚಿಸುವ ಟಿಪ್ಪಣಿಗಳು ಸೇರಿದವು. ಅವೂ ಸೂಚನೆಗಳು ಮಾತ್ರ. ನಂಬಿಕೆಗೆ ಅರ್ಹವಲ್ಲದ ಸರ್ವರ್‌ನಿಂದ ಬಂದರೆ ಅವನ್ನು ನಂಬಬಾರದೆಂದು ಎಂಸಿಪಿಯ ಅಧಿಕೃತ ನಿಯಮದಾಖಲೆಯೇ ಹೇಳುತ್ತದೆ. ಹೊರಗಿನವರ ಟೂಲ್‌ಗಳನ್ನು ಜೋಡಿಸುವಾಗ ಅವುಗಳ ವಿವರಣೆಯನ್ನು ಪೂರ್ತಿ ಓದಿ. ಆ ಪಠ್ಯ ನೇರವಾಗಿ ಮಾಡೆಲ್‌ನ ಮುಂದೆ ಹೋಗುವುದರಿಂದ, ಅದರೊಳಗೆ ಕೆಟ್ಟ ಆದೇಶವನ್ನು ಅಡಗಿಸಿಡುವುದು ಈಗಾಗಲೇ ಗೊತ್ತಿರುವ ದಾಳಿಯ ವಿಧಾನ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ರದ್ದತಿಯ ಟೂಲ್ ಇದೆ. ಒಪ್ಪಿಗೆಯ ಪರಿಶೀಲನೆಯನ್ನು ಸರ್ವರ್‌ಗೆ ಸ್ಥಳಾಂತರಿಸುತ್ತೇವೆ. ಬದಲಿಸಿದ ವಿವರಣೆ ಹಿಂದಿನದಕ್ಕಿಂತ ನಿಜಕ್ಕೂ ಉತ್ತಮವೇ ಎಂಬುದನ್ನು ಹೇಗೆ ತಿಳಿಯುವುದು?

ಉತ್ತರ 1

ಬಳಕೆದಾರರು ನಿಜವಾಗಿ ಕೇಳಿದ ಪ್ರಶ್ನೆಗಳನ್ನು ಲಾಗ್‌ನಿಂದ (ತಂತ್ರಾಂಶ ಉಳಿಸಿಟ್ಟ ದಾಖಲೆಯಿಂದ) ಆಯ್ದು, ಪ್ರತಿಯೊಂದಕ್ಕೂ ಯಾವ ಟೂಲ್, ಯಾವ ಮೌಲ್ಯಗಳೊಂದಿಗೆ ಕರೆಯಲ್ಪಡಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ. ಯಾವ ಟೂಲನ್ನೂ ಕರೆಯಬಾರದ ಪ್ರಶ್ನೆಗಳೂ ಅದರಲ್ಲಿರಲಿ; ಇವನ್ನು ಬಿಡುವವರೇ ಹೆಚ್ಚು. ಒಂದು ಸಲಕ್ಕೆ ಒಂದೇ ವಿವರಣೆಯನ್ನು ಬದಲಿಸಿ, ಇಡೀ ಪಟ್ಟಿಯನ್ನು ಹಲವು ಬಾರಿ ಓಡಿಸಿ, ಏಕೆಂದರೆ ಅದೇ ಪ್ರಶ್ನೆಗೆ ಮಾಡೆಲ್ ಪ್ರತಿ ಸಲವೂ ಒಂದೇ ರೀತಿ ನಡೆದುಕೊಳ್ಳುತ್ತದೆಂಬ ಖಾತರಿಯಿಲ್ಲ. ಪಟ್ಟಿಯಲ್ಲಿರುವ ವಾಕ್ಯಗಳನ್ನೇ ವಿವರಣೆಯೊಳಗೆ ಉದಾಹರಣೆಯಾಗಿ ಸೇರಿಸಬೇಡಿ. ಅಂಕಗಳು ಏರುತ್ತವೆ, ಹೊಸ ಪ್ರಶ್ನೆ ಬಂದಾಗ ಏಜೆಂಟ್ ಮತ್ತೆ ತಡವರಿಸುತ್ತದೆ. ಮಾಡೆಲ್‌ನ ಆವೃತ್ತಿ ಬದಲಾದಾಗಲೂ ಇದೇ ಪಟ್ಟಿಯನ್ನು ಓಡಿಸಿ ನೋಡಿ.